ಸ್ಪ್ರಿಂಗ್‌ಫೀಲ್ಡ್ ಬಂದೂಕುಗಳ ಭಂಗ: ದೋಷವು ತೋಟೆಯದೊ, ಉಕ್ಕಿನದೊ?

೧. ಉಪಕ್ರಮ

ಬಂದೂಕೊಂದು ಹಾರಿಸಿದವನ ಕೈಯಲ್ಲಿಯೇ ಒಡೆದು ಚೂರಾದರೆ ಅದರ ಕಾರಣವನ್ನು ಗೊತ್ತುಮಾಡುವುದು ಸುಲಭವೆಂದು ಮೊದಲ ನೋಟಕ್ಕೆ ತೋರಬಹುದು. ಮದ್ದು ಹೆಚ್ಚಾಗಿರಬೇಕು, ಇಲ್ಲವೆ ತೋಟೆ ಕೆಟ್ಟದಾಗಿರಬೇಕು ಎಂದು ಹೇಳುವುದು ವಾಡಿಕೆ. ಒಮ್ಮೆ ಹಾರಿಸಿದ ಹಿತ್ತಾಳೆಯ ಕೊಳವೆಗೆ ಹೊಸ ಕೇಪು, ಮದ್ದು, ಗುಂಡುಗಳನ್ನು ಕೈಯಿಂದ ತುಂಬಿ ಸಿದ್ಧಪಡಿಸಿದ ತೋಟೆಯು ಆಗ ಬಳಕೆಯಲ್ಲಿದ್ದರಂತೂ ವಿಚಾರಣೆಯೇ ಅನಾವಶ್ಯಕವೆಂಬಂತೆ ತಪ್ಪೆಲ್ಲವೂ ಅದರ ಮೇಲೆ ಹೊರಿಸಲ್ಪಡುತ್ತದೆ. ಆದರೆ ಸ್ಫೋಟವು ತನ್ನ ಸಾಕ್ಷ್ಯವನ್ನು ತಾನೇ ನಾಶಮಾಡತಕ್ಕ ಘಟನೆ. ಮದ್ದು ಉರಿದುಹೋಗಿರುತ್ತದೆ, ಗುಂಡು ಹಾರಿಹೋಗಿರುತ್ತದೆ, ಉಳಿದಿರುವುದು ಮುರಿದ ಉಕ್ಕು, ಹರಿದ ಹಿತ್ತಾಳೆ, ಮತ್ತು ಗಾಯಗೊಂಡವನ ನೆನಪು. ಇವುಗಳಿಂದ ಹಿಂದಕ್ಕೆ ನಡೆದು ಕಾರಣವನ್ನು ಮುಟ್ಟಬೇಕಾಗಿದೆ.

ಈ ಬಗೆಯ ವಿಚಾರಣೆಗೆ ಅಮೆರಿಕದ ಸಂಯುಕ್ತ ಸಂಸ್ಥಾನಗಳ ೧೯೦೩ನೆಯ ಮಾದರಿಯ ಸ್ಪ್ರಿಂಗ್‌ಫೀಲ್ಡ್ ಬಂದೂಕಿನ ಚರಿತ್ರೆಯು ಉತ್ತಮವಾದ ನಿದರ್ಶನ. ೧೯೧೭ರಿಂದ ೧೯೨೯ರ ವರೆಗೆ ಈ ಜಾತಿಯ ೬೮ ಬಂದೂಕುಗಳು ಒಡೆದ ಸಂಗತಿಯನ್ನು ಶಸ್ತ್ರವಿಭಾಗದ ಅಧಿಕಾರಿಯಾಗಿದ್ದ ಜೂಲಿಯನ್ ಹ್ಯಾಚರನು ಸಂಗ್ರಹಿಸಿ, ೧೯೪೭ರಲ್ಲಿ ಪ್ರಕಟವಾದ ತನ್ನ ‘ಟಿಪ್ಪಣಿ ಪುಸ್ತಕ’ದಲ್ಲಿ ಪಟ್ಟಿಮಾಡಿ ಕೊಟ್ಟಿದ್ದಾನೆ. ಮೂವರು ಒಂದೊಂದು ಕಣ್ಣನ್ನು ಕಳೆದುಕೊಂಡರೆಂದು ಅದರಿಂದ ತಿಳಿದುಬರುತ್ತದೆ. ಈ ಭಂಗಗಳಿಗೆ ತೋಟೆಯ ದೋಷವು ಕಾರಣವೆ, ಬಂದೂಕಿನ ದೋಷವು ಕಾರಣವೆ ಎಂಬ ಪ್ರಶ್ನೆಗೆ ಬಂದ ಉತ್ತರವು ‘ಎರಡೂ’ ಎಂಬುದು. ಆದರೆ ಎರಡೂ ಒಂದೇ ಅರ್ಥದಲ್ಲಿ ಕಾರಣಗಳಲ್ಲ. ತರ್ಕಶಾಸ್ತ್ರದ ಪರಿಭಾಷೆಯನ್ನು ಎರವಲು ಪಡೆದು ಹೇಳುವುದಾದರೆ, ತೋಟೆಯು ನಿಮಿತ್ತ, ಉಕ್ಕು ಉಪಾದಾನ. ಈ ಭೇದವನ್ನು ಕಾಣದೆ ಮುಂಗಾಣುವ ಕಾರಣವನ್ನೇ ಮೂಲಕಾರಣವೆಂದು ಹಿಡಿದವರಿಗೆ ಹತ್ತು ಲಕ್ಷ ಬಂದೂಕುಗಳ ದೋಷವು ಕಣ್ಮರೆಯಾಗುತ್ತಿದ್ದಿತು.

೨. ಬಂದೂಕಿನ ಮತ್ತು ತೋಟೆಯ ರಚನೆ

ಕೊಡಗು ಮಲೆನಾಡುಗಳಲ್ಲಿ ಕೋವಿಯ ಬಳಕೆಯುಳ್ಳವರಿಗೆ ತೋಟೆ, ಕೇಪು, ಮದ್ದು, ನಳಿಗೆ ಎಂಬ ಮಾತುಗಳು ಪರಿಚಿತವಾದುವೇ ಆಗಿವೆ. ಆದರೂ ಮುಂದಿನ ವಿಚಾರಕ್ಕೆ ಅವಶ್ಯವಾದಷ್ಟನ್ನು ಇಲ್ಲಿ ಹೇಳಬೇಕಾಗಿದೆ. ಸೇನೆಯ ತೋಟೆಯಲ್ಲಿ ನಾಲ್ಕು ಅಂಗಗಳಿವೆ: ಹಿತ್ತಾಳೆಯ ಕೊಳವೆ, ಅದರ ತಳದಲ್ಲಿ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಕೇಪಿನ ಕಿಡಿಯಿಂದ ಮದ್ದು ಉರಿದು ಅನಿಲವಾಗುತ್ತದೆ. ಆ ಅನಿಲದ ಒತ್ತಡವು ಗುಂಡನ್ನು ಮುಂದಕ್ಕೆ ತಳ್ಳುವಂತೆಯೇ ಕೊಳವೆಯನ್ನು ಹಿಂದಕ್ಕೂ ತಳ್ಳುತ್ತದೆ. ೧೯೦೬ರಲ್ಲಿ ಬಳಕೆಗೆ ಬಂದ ೦.೩೦ ಅಂಗುಲದ ಗುಂಡಿನ ತೋಟೆಯಲ್ಲಿ ಈ ಒತ್ತಡವು ಚದರಂಗುಲಕ್ಕೆ ಸುಮಾರು ೫೦,೦೦೦ ಪೌಂಡು. ಹಿಂದಕ್ಕೆ ಬರುವ ತಳ್ಳನ್ನು ತಡೆಯುವುದು ಬೋಲ್ಟು. ಆ ಬೋಲ್ಟನ್ನೂ ನಳಿಗೆಯ ಹಿಂತುದಿಯನ್ನೂ ಒಟ್ಟಿಗೆ ಹಿಡಿದಿರುವ ಉಕ್ಕಿನ ಭಾಗಕ್ಕೆ ರಿಸೀವರೆಂದು ಹೆಸರು. ಹಾರಿಸುವವನ ಕಣ್ಣಿಗೆ ಕೆಲವೇ ಅಂಗುಲಗಳ ದೂರದಲ್ಲಿರುವ ಭಾಗವಿದು.

ಸ್ಪ್ರಿಂಗ್‌ಫೀಲ್ಡ್ ಬಂದೂಕಿನಲ್ಲಿ ತೋಟೆಯು ಸುಲಭವಾಗಿ ಒಳಸೇರಲೆಂದು ನಳಿಗೆಯ ಹಿಂಬಾಯನ್ನು ಆಲಿಕೆಯ ಆಕಾರಕ್ಕೆ ಕೊರೆದಿದ್ದರು. ಇದರಿಂದ ಕೊಳವೆಯ ತಳದ ಸ್ವಲ್ಪ ಭಾಗವು ನಳಿಗೆಯ ಆಸರೆಯಿಲ್ಲದೆ ಹೊರಗುಳಿಯುತ್ತದೆ. ಆ ಎಡೆಯಲ್ಲಿ ಅನಿಲವನ್ನು ತಡೆಯುವುದು ಹಿತ್ತಾಳೆ ಮಾತ್ರ. ಹಿತ್ತಾಳೆಯು ಗಟ್ಟಿಯಾಗಿದ್ದರೆ ಯಾವ ಭಯವೂ ಇಲ್ಲ. ಮೆತ್ತಗಾಗಿದ್ದರೆ ಅದು ಹರಿದು, ಅನಿಲವು ರಿಸೀವರಿನೊಳಕ್ಕೆ ನುಗ್ಗುತ್ತದೆ. ಮುಂದಿನ ವಿಚಾರವೆಲ್ಲವೂ ಈ ಒಂದು ಎಡೆಯನ್ನು ಅವಲಂಬಿಸಿದೆ.

೩. ಪೂರ್ವಪಕ್ಷ: ತೋಟೆಯೇ ಕಾರಣ

೧೯೧೭ರ ಏಪ್ರಿಲಿನಲ್ಲಿ ಅಮೆರಿಕವು ಯುದ್ಧಕ್ಕಿಳಿಯಿತು. ಅದುವರೆಗೆ ಸೇನೆಯ ತೋಟೆಗಳು ಮುಖ್ಯವಾಗಿ ಫಿಲಡೆಲ್ಫಿಯದ ಫ್ರಾಂಕ್‌ಫರ್ಡ್ ಆರ್ಸೆನಲ್ ಎಂಬ ಸರಕಾರಿ ಕಾರ್ಖಾನೆಯಲ್ಲಿ ಸಿದ್ಧವಾಗುತ್ತಿದ್ದುವು. ಯುದ್ಧದ ಅವಶ್ಯಕತೆಯಿಂದ ಅನೇಕ ಖಾಸಗಿ ಕಾರ್ಖಾನೆಗಳು ಈ ಕೆಲಸವನ್ನು ಅವಸರದಿಂದ ಕೈಗೊಂಡುವು. ಆ ವರ್ಷವೇ ಹೊಸ ತೋಟೆಗಳನ್ನು ಹಾರಿಸುತ್ತಿದ್ದಾಗ ಸ್ಪ್ರಿಂಗ್‌ಫೀಲ್ಡ್ ಬಂದೂಕುಗಳ ರಿಸೀವರುಗಳು ಒಡೆದುವು. ಪರೀಕ್ಷಿಸಿ ನೋಡಲಾಗಿ ಒಂದು ಖಾಸಗಿ ಕಾರ್ಖಾನೆಯ ತೋಟೆಗಳ ಹಿತ್ತಾಳೆಯು ತಳದಲ್ಲಿ ಇರಬೇಕಾದಷ್ಟು ಗಡುಸಾಗಿರಲಿಲ್ಲವೆಂದು ಕಂಡುಬಂದಿತು. ಅದೇ ಕಾಲಕ್ಕೆ ಸರಕಾರಿ ಕಾರ್ಖಾನೆಯ ಕೇಪುಗಳೂ ಹೊತ್ತಿಕೊಳ್ಳದೆ ಹುಸಿಯಾಗತೊಡಗಿ, ಅವುಗಳ ಮಿಶ್ರಣವನ್ನೇ ಬದಲಾಯಿಸಬೇಕಾಯಿತು. ಹೀಗಿರಲು ದೋಷವೆಲ್ಲವೂ ತೋಟೆಯದೆಂದು ಭಾವಿಸುವುದು ಸಹಜವಾಗಿದ್ದಿತು.

ಈ ಪಕ್ಷಕ್ಕೆ ಪ್ರಬಲವಾದ ಇನ್ನೊಂದು ಆಧಾರವೂ ಇದ್ದಿತು. ಕಾರ್ಖಾನೆಯಿಂದ ಹೊರಬೀಳುವ ಮುಂಚೆ ಪ್ರತಿಯೊಂದು ಬಂದೂಕಿನಲ್ಲಿಯೂ ಚದರಂಗುಲಕ್ಕೆ ಸುಮಾರು ೭೦,೦೦೦ ಪೌಂಡಿನ ಒತ್ತಡವನ್ನುಂಟುಮಾಡುವ ಪರೀಕ್ಷಾ ತೋಟೆಯನ್ನು ಹಾರಿಸಿ ನೋಡುತ್ತಿದ್ದರು. ಒಡೆದ ಬಂದೂಕುಗಳೂ ಈ ಪರೀಕ್ಷೆಯಲ್ಲಿ ಗೆದ್ದುವೇ ಆಗಿದ್ದುವು. ಹೆಚ್ಚಿನ ಭಾರವನ್ನು ಹೊತ್ತುದು ಕಡಮೆಯ ಭಾರಕ್ಕೆ ಮುರಿಯುವುದೆಂತು? ಆದಕಾರಣ ತೋಟೆಯಲ್ಲಿಯೇ ಅಸಾಧಾರಣವಾದುದೇನೋ ಇದ್ದಿರಬೇಕು. ಪೂರ್ವಪಕ್ಷವು ಇಷ್ಟು.

೪. ಕುಲುಮೆಯ ಸಾಕ್ಷ್ಯ

ಆದರೆ ಮುರಿದ ರಿಸೀವರುಗಳ ಚೂರುಗಳು ಬೇರೊಂದು ಕಥೆಯನ್ನು ಹೇಳಿದುವು. ಒಳ್ಳೆಯ ಉಕ್ಕು ಮಿತಿಮೀರಿದ ಒತ್ತಡಕ್ಕೆ ಸಿಕ್ಕಿದಾಗ ಮೊದಲು ಹಿಗ್ಗಿ, ಬಾಗಿ, ಆಮೇಲೆ ಹರಿಯುತ್ತದೆ. ಇವು ಹಿಗ್ಗಲೂ ಇಲ್ಲ, ಬಾಗಲೂ ಇಲ್ಲ, ಗಾಜಿನಂತೆ ಸಿಡಿದಿದ್ದುವು. ಮುರಿದ ಮೈಯಲ್ಲಿ ಉಕ್ಕಿನ ಕಣಗಳು ದಪ್ಪವಾಗಿ ಒರಟಾಗಿ ಕಾಣುತ್ತಿದ್ದುವು. ಅತಿಯಾಗಿ ಕಾದ ಉಕ್ಕಿನ ಲಕ್ಷಣವಿದು.

ಇದರ ಮೂಲವನ್ನು ಹುಡುಕುತ್ತ ಹೋದವರು ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ ಕುಲುಮೆಯನ್ನು ಮುಟ್ಟಿದರು. ರಿಸೀವರಿಗೆ ಬಳಸುತ್ತಿದ್ದುದು ಇಂಗಾಲದ ಅಂಶ ಕಡಮೆಯಾಗಿರುವ ಮಿದು ಉಕ್ಕು. ಅದನ್ನು ಕಾಯಿಸಿ ಬಡಿದು ಆಕಾರಕ್ಕೆ ತಂದು, ಬಳಿಕ ಎಲುಬಿನ ಇದ್ದಿಲಿನಲ್ಲಿ ಹುದುಗಿಸಿ ಮತ್ತೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಹದಗೊಳಿಸುತ್ತಿದ್ದರು. ಹೊರಮೈ ಗಡುಸಾಗಿಯೂ ಒಳಮೈ ಮಿದುವಾಗಿ ಬಾಗುವಂತೆಯೂ ಇರಬೇಕೆಂಬುದು ಉದ್ದೇಶ. ಬಡಿಯುವ ಮುಂಚೆ ಉಕ್ಕು ಎಷ್ಟು ಕಾದಿದೆಯೆಂಬುದನ್ನು ನಿರ್ಣಯಿಸುತ್ತಿದ್ದುದು ನುರಿತ ಕಮ್ಮಾರನ ಕಣ್ಣು. ಕಾದ ಕಬ್ಬಿಣದ ಬಣ್ಣವನ್ನು ನೋಡಿ ಹದವನ್ನು ತಿಳಿಯುವ ಈ ವಿದ್ಯೆಯು ಎಲ್ಲ ದೇಶಗಳ ಕಮ್ಮಾರರಿಗೂ ಕುಲಪರಂಪರೆಯಾಗಿ ಬಂದುದು. ಅದನ್ನು ಸಂದೇಹಿಸಲು ಯಾರಿಗೂ ಕಾರಣವಿರಲಿಲ್ಲ. ಆದರೆ ತಾಪವನ್ನು ಅಳೆಯುವ ಪೈರೋಮೀಟರುಗಳನ್ನು ತಂದು ಕುಲುಮೆಗೆ ಹೊಂದಿಸಿ ನೋಡಿದಾಗ ಆಶ್ಚರ್ಯಕರವಾದ ಸಂಗತಿಯು ಹೊರಬಿದ್ದಿತು. ಮೋಡ ಕವಿದ ದಿನದಲ್ಲಿ ‘ಸರಿಯಾದ ಹದ’ವೆಂದು ಕಂಡುದಕ್ಕಿಂತ ಪ್ರಖರವಾದ ಬಿಸಿಲಿನ ದಿನದಲ್ಲಿ ಅದೇ ಕಣ್ಣಿಗೆ ‘ಸರಿಯಾದ ಹದ’ವೆಂದು ಕಂಡ ಉಕ್ಕು ಫ್ಯಾರನ್‌ಹೀಟ್ ಮಾನದಲ್ಲಿ ೩೦೦ ಡಿಗ್ರಿಗಳವರೆಗೆ ಹೆಚ್ಚು ಕಾದಿರುತ್ತಿತ್ತು. ಸುತ್ತಲಿನ ಬೆಳಕು ಹೆಚ್ಚಿದಾಗ ಕಾದ ಉಕ್ಕಿನ ಕಾಂತಿಯು ಮಂದವಾಗಿ ಕಾಣುತ್ತದೆ. ಕಮ್ಮಾರನು ತಿಳಿಯದೆಯೇ ಅದನ್ನು ಮತ್ತಷ್ಟು ಕಾಯಿಸುತ್ತಾನೆ. ಇದರಲ್ಲಿ ಕಮ್ಮಾರನ ಅಜಾಗರೂಕತೆಯೇನೂ ಇರಲಿಲ್ಲ. ಅವನ ಕಣ್ಣು ನೋಡುತ್ತಿದ್ದುದು ಉಕ್ಕನ್ನಷ್ಟೇ ಅಲ್ಲ, ಆಕಾಶವನ್ನೂ ಎಂಬುದು ಅವನಿಗೇ ತಿಳಿದಿರಲಿಲ್ಲ.

ಇದರಿಂದ ಪೂರ್ವಪಕ್ಷದ ಮುಖ್ಯವಾದ ಆಧಾರವೂ ಕುಸಿಯಿತು. ಪರೀಕ್ಷಾ ತೋಟೆಗೆ ಒಳ್ಳೆಯ ಹಿತ್ತಾಳೆಯನ್ನೇ ಬಳಸುತ್ತಿದ್ದುದರಿಂದ ಒತ್ತಡವೆಷ್ಟಿದ್ದರೂ ಅನಿಲವು ಕೊಳವೆಯೊಳಗೇ ಉಳಿಯುತ್ತಿತ್ತು. ರಿಸೀವರು ಹೊರಬೇಕಾದುದು ಬೋಲ್ಟಿನ ಮೂಲಕ ಬರುವ ನೇರವಾದ ತಳ್ಳನ್ನು ಮಾತ್ರ. ಪೆಡಸಾದ ಉಕ್ಕು ಕೂಡ ಅದನ್ನು ಹೊರಬಲ್ಲದು. ಹಿತ್ತಾಳೆ ಹರಿದಾಗಲಾದರೋ ಅನಿಲವು ರಿಸೀವರಿನ ಒಳಮೈಗೆ ಸುತ್ತಿಗೆಯ ಪೆಟ್ಟಿನಂತೆ ಒಮ್ಮೆಲೇ ಬಡಿಯುತ್ತದೆ. ಪೆಡಸಾದುದು ತಾಳಲಾರದ್ದು ಈ ಪೆಟ್ಟನ್ನು. ಎಂದರೆ, ಪರೀಕ್ಷೆಯು ಬಲವನ್ನು ಅಳೆಯುತ್ತಿದ್ದಿತು. ಕೇಳಬೇಕಾಗಿದ್ದ ಪ್ರಶ್ನೆಯು ತಾಳಿಕೆಯನ್ನು ಕುರಿತದ್ದಾಗಿದ್ದಿತು.

ಯುದ್ಧದ ಅವಸರವೇ ಉಕ್ಕನ್ನು ಕೆಡಿಸಿತೆಂದು ಹೇಳುವುದೂ ಸಾಧ್ಯವಿಲ್ಲ. ಒಡೆದ ಬಂದೂಕುಗಳಲ್ಲಿ ಯುದ್ಧಕ್ಕೆ ಅನೇಕ ವರ್ಷಗಳ ಹಿಂದೆ ತಯಾರಾದುವೂ ಇವೆ. ಉಕ್ಕಿನ ದೋಷವು ಹಳೆಯದು. ಹಿತ್ತಾಳೆಯ ದೋಷವು ಹೊಸದು. ಹೊಸದು ಹಳೆಯದನ್ನು ಹೊರಗೆಡಹಿತು. ೧೯೧೮ರ ಫೆಬ್ರವರಿಯಲ್ಲಿ ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯು ಸುಮಾರು ೮,೦೦,೦೦೦ನೆಯ ಸಂಖ್ಯೆಯ ಬಂದೂಕಿನಿಂದಲೂ, ಅದೇ ವರ್ಷದ ಮೇ ತಿಂಗಳಲ್ಲಿ ಇಲಿನಾಯ್ ಪ್ರಾಂತದ ರಾಕ್ ಐಲೆಂಡ್ ಕಾರ್ಖಾನೆಯು ೨,೮೫,೫೦೭ನೆಯ ಸಂಖ್ಯೆಯಿಂದಲೂ ಎರಡಾವರ್ತಿ ಕಾಯಿಸಿ ಹದಗೊಳಿಸುವ ಹೊಸ ಕ್ರಮವನ್ನು ಅನುಸರಿಸಿದುವು. ಬಡಿಯುವ ಕೆಲಸದಲ್ಲಿ ಒಮ್ಮೆ ಸುಟ್ಟುಹೋದ ಉಕ್ಕನ್ನು ಮತ್ತೆ ಹದಗೊಳಿಸಿ ಸರಿಪಡಿಸಲು ಸಾಧ್ಯವೆ ಎಂದು ಪ್ರಯತ್ನಿಸಿದರಾದರೂ ನಂಬತಕ್ಕ ಫಲವು ದೊರೆಯಲಿಲ್ಲ. ಆ ಸಂಖ್ಯೆಗಳಿಗಿಂತ ಹಿಂದಿನ ಹತ್ತು ಲಕ್ಷಕ್ಕೂ ಮಿಕ್ಕ ಬಂದೂಕುಗಳು ಹಾಗೆಯೇ ಉಳಿದುವು.

೫. ೧೯೨೧ರ ತವರದ ಗುಂಡುಗಳು

ತೋಟೆಯು ನಿರ್ದೋಷಿಯೆಂಬ ಭಾವನೆಯೂ ಸಲ್ಲದೆಂಬುದಕ್ಕೆ ೧೯೨೧ರ ಪ್ರಸಂಗವು ಸಾಕ್ಷಿ. ಆ ಕಾಲದ ಗುಂಡುಗಳಿಗೆ ತಾಮ್ರ ಮತ್ತು ನಿಕ್ಕಲುಗಳ ಮಿಶ್ರಲೋಹದ ಹೊದಿಕೆಯಿದ್ದುದರಿಂದ ನಳಿಗೆಯೊಳಗೆ ಲೋಹದ ಕರೆ ಅಂಟಿಕೊಂಡು ಗುರಿ ಕೆಡುತ್ತಿತ್ತು. ಇದನ್ನು ತಡೆಯಲು ಗುರಿಕಾರರು ಗುಂಡನ್ನು ಜಿಡ್ಡಿನಲ್ಲಿ ಅದ್ದಿ ಹಾರಿಸುತ್ತಿದ್ದರು. ೧೯೨೧ರ ರಾಷ್ಟ್ರೀಯ ಗುರಿಪಂದ್ಯಗಳಿಗಾಗಿ ಫ್ರಾಂಕ್‌ಫರ್ಡ್ ಕಾರ್ಖಾನೆಯು ಕರೆಯನ್ನು ನಿವಾರಿಸಲು ಗುಂಡುಗಳಿಗೆ ತವರದ ಲೇಪವನ್ನು ಕೊಟ್ಟಿತು. ಉಪಾಯವೇನೋ ಫಲಿಸಿತು, ಕರೆ ನಿಂತಿತು. ಆದರೆ ತೋಟೆಗಳನ್ನು ಕೆಲವು ಕಾಲ ಇರಿಸಿದಾಗ ಗುಂಡಿನ ತವರವು ಕೊಳವೆಯ ಹಿತ್ತಾಳೆಗೆ ಬೆಸುಗೆ ಹಾಕಿದಂತೆ ಅಂಟಿಕೊಂಡಿತು. ಬೆಂಕಿಯಿಲ್ಲದೆ ಆದ ಬೆಸುಗೆಯಿದು. ಗುಂಡನ್ನು ಕೊಳವೆಯಿಂದ ಎಳೆದು ತೆಗೆಯಲು ವಾಡಿಕೆಗಿಂತ ಅನೇಕ ಪಾಲು ಹೆಚ್ಚಿನ ಬಲವು ಬೇಕಾಯಿತು.

ಇಷ್ಟರಿಂದಲೇ ಅಪಾಯವುಂಟಾಗುತ್ತಿರಲಿಲ್ಲ. ಹಾರಿಸಿದೊಡನೆ ಕೊಳವೆಯ ಕೊರಳು ಹಿಗ್ಗಿ ಗುಂಡನ್ನು ಬಿಟ್ಟುಕೊಡುತ್ತಿತ್ತು. ಆದರೆ ಹಳೆಯ ಅಭ್ಯಾಸದಂತೆ ಜಿಡ್ಡನ್ನೂ ಸವರಿದಾಗ, ಕೊರಳಿಗೂ ನಳಿಗೆಗೂ ನಡುವಣ ಅವಕಾಶವನ್ನು ಜಿಡ್ಡು ತುಂಬಿ ಕೊರಳು ಹಿಗ್ಗದಂತೆ ಮಾಡಿತು. ಬೆಸೆದ ಗುಂಡು ಬಿಡದೆ, ಒತ್ತಡವು ಮಿತಿಮೀರಿ ಏರಿತು. ತವರವೊಂದೇ ಇದ್ದರೆ ಕೇಡಿಲ್ಲ, ಜಿಡ್ಡೊಂದೇ ಇದ್ದರೆ ಕೇಡು ಅಲ್ಪ. ಎರಡೂ ಸೇರಿದಲ್ಲಿ ಭಂಗ. ಒಂದು ಕಾರಣವನ್ನು ಹಿಡಿದು ಅದನ್ನೇ ಪೂರ್ಣವೆಂದು ಭಾವಿಸುವವರಿಗೆ ಈ ಪ್ರಸಂಗವು ಎಚ್ಚರಿಕೆಯಾಗಿದೆ. ಮುಂದಿನ ವರ್ಷವೇ ಗುಂಡಿನ ಹೊದಿಕೆಗೆ ತಾಮ್ರ ಮತ್ತು ಸತುವುಗಳ ಮಿಶ್ರಲೋಹವನ್ನು ಬಳಸಿ ತವರದ ಲೇಪವನ್ನು ಕೈಬಿಟ್ಟರು.

೬. ಮರುತುಂಬಿದ ತೋಟೆಯ ವಿಶೇಷ

ಹಾರಿಸಿದ ಕೊಳವೆಗಳನ್ನು ಮರುತುಂಬುವುದು ಅಮೆರಿಕದಲ್ಲಿ ಹೊಸ ಪದ್ಧತಿಯಲ್ಲ. ಕರಿಮದ್ದಿನ ಕಾಲದಲ್ಲಿ ಸೇನೆಯ ಠಾಣ್ಯಗಳಲ್ಲಿಯೇ ಗುರಿಯ ಅಭ್ಯಾಸಕ್ಕಾಗಿ ತೋಟೆಗಳನ್ನು ಮರುತುಂಬುತ್ತಿದ್ದರು. ಆಗ ಮದ್ದು ಕೊಳವೆಯನ್ನು ಬಹುಮಟ್ಟಿಗೆ ತುಂಬಿಬಿಡುತ್ತಿದ್ದುದರಿಂದ ಅಳತೆ ತಪ್ಪಿ ಎರಡು ಪಾಲು ಹಾಕುವುದು ಸಾಧ್ಯವೇ ಇರಲಿಲ್ಲ. ಹೊಗೆಯಿಲ್ಲದ ಮದ್ದು ಬಂದಮೇಲೆ ಈ ರಕ್ಷಣೆಯು ತಪ್ಪಿತು. ಬೇಗನೆ ಉರಿಯುವ ಮದ್ದಿನ ಕಿರಿಯಳತೆಯು ಕೊಳವೆಯ ಅರ್ಧವನ್ನೂ ತುಂಬದು; ಮರೆವಿನಿಂದ ಎರಡಾವರ್ತಿ ಸುರಿದರೂ ಹೊರಗಿನಿಂದ ಭೇದವು ಕಾಣದು.

ಮರುತುಂಬಿದ ತೋಟೆಯಿಂದ ಬರತಕ್ಕ ಕೇಡುಗಳು ಇದೊಂದೇ ಅಲ್ಲ. ಮದ್ದನ್ನೇ ಹಾಕಲು ಮರೆತರೆ ಕೇಪಿನ ಬಲವೊಂದರಿಂದಲೇ ಗುಂಡು ನಳಿಗೆಯೊಳಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ. ಮರುಗುಂಡು ಅದಕ್ಕೆ ತಾಗಿದಾಗ ನಳಿಗೆಯು ಉಂಗುರದಂತೆ ಉಬ್ಬುತ್ತದೆ, ಇಲ್ಲವೆ ಸೀಳುತ್ತದೆ. ಪುನಃ ಪುನಃ ಹಾರಿಸಿದ ಕೊಳವೆಯು ಉದ್ದಕ್ಕೆ ಬೆಳೆದು ಅದರ ಬಾಯಿ ನಳಿಗೆಯ ಅಂಚಿಗೆ ಒತ್ತಿಕೊಂಡು ಗುಂಡನ್ನು ಬಿಗಿಯಾಗಿ ಹಿಡಿಯುತ್ತದೆ. ೧೯೨೧ರ ಜಿಡ್ಡಿನಿಂದ ಆದ ಅನರ್ಥವೇ ಇಲ್ಲಿ ಬೇರೆ ದಾರಿಯಿಂದ ಆಗುತ್ತದೆ. ತಳದ ಸಮೀಪದಲ್ಲಿ ಹಿತ್ತಾಳೆ ತೆಳುವಾಗಿ ಕೊಳವೆಯು ಎರಡಾಗುವುದೂ ಉಂಟು. ಹಳೆಯ ಕೇಪುಗಳಲ್ಲಿದ್ದ ಪಾದರಸವು ಉರಿದಾಗ ಹಿತ್ತಾಳೆಯೊಡನೆ ಕೂಡಿ ಅದನ್ನು ಪೆಡಸುಮಾಡುತ್ತಿತ್ತು. ಅಂಥ ಕೊಳವೆಯನ್ನು ಎಷ್ಟೇ ಎಚ್ಚರಿಕೆಯಿಂದ ಮರುತುಂಬಿದರೂ ಅದು ನಂಬತಕ್ಕುದಲ್ಲ. ಇವಲ್ಲದೆ, ನಿಧಾನವಾಗಿ ಉರಿಯುವ ಮದ್ದನ್ನು ದೊಡ್ಡ ಕೊಳವೆಯಲ್ಲಿ ತೀರ ಕಡಮೆ ಹಾಕಿದಾಗಲೂ ಎಲ್ಲಿಯೋ ಒಮ್ಮೆ ಬಂದೂಕು ಒಡೆಯುತ್ತದೆಂಬ ವರದಿಗಳಿವೆ. ಇದರ ಕಾರಣದ ವಿಷಯದಲ್ಲಿ ತಜ್ಞರಿಗೆ ಒಮ್ಮತವಿಲ್ಲ.

ಹೀಗೆ ಮರುತುಂಬಿದ ತೋಟೆಯ ಮೇಲಿನ ಸಂದೇಹವು ನಿರಾಧಾರವಾದುದಲ್ಲ. ಆದರೆ ಸಂದೇಹವು ಪ್ರಮಾಣವಲ್ಲ. ಪ್ರಮಾಣವನ್ನು ಹುಡುಕಬೇಕಾದುದು ಉಳಿದ ವಸ್ತುಗಳಲ್ಲಿ. ಕೊಳವೆಯ ತಳವು ಹಿಗ್ಗಿ, ಕೇಪಿನ ಕುಳಿ ಅಗಲವಾಗಿ, ಹಿತ್ತಾಳೆಯು ಬೋಲ್ಟಿನ ಸಂದುಗಳೊಳಕ್ಕೆ ಮೇಣದಂತೆ ಹರಿದಿದ್ದರೆ ಒತ್ತಡವು ಮಿತಿಮೀರಿದ್ದಿತೆಂದು ಹೇಳಬಹುದು. ತಳದ ಅಳತೆಯು ಕ್ರಮವಾಗಿಯೇ ಇದ್ದು ರಿಸೀವರು ಮಾತ್ರ ಚೂರಾಗಿದ್ದರೆ ಉಕ್ಕನ್ನು ವಿಚಾರಿಸಬೇಕು. ನಳಿಗೆಯಲ್ಲಿ ಉಂಗುರದಂಥ ಉಬ್ಬಿದ್ದರೆ ಅಡ್ಡಿಯೊಂದಿದ್ದಿತೆಂದು ಅರ್ಥ. ಅದೇ ಪೆಟ್ಟಿಗೆಯಲ್ಲಿ ಉಳಿದಿರುವ ತೋಟೆಗಳನ್ನು ಬಿಚ್ಚಿ ಮದ್ದನ್ನು ತೂಗಿ ನೋಡುವುದು ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ.

ಇಲ್ಲಿ ಒಂದು ಸಾಕ್ಷ್ಯವು ವಿಶೇಷವಾಗಿ ಮೋಸಗೊಳಿಸತಕ್ಕುದು. ಕೊಳವೆಯ ತಳದಲ್ಲಿ ಕಾರ್ಖಾನೆಯ ಮತ್ತು ವರ್ಷದ ಮುದ್ರೆಯಿರುತ್ತದೆ. ಹೊಸ ತೋಟೆಯಲ್ಲಿ ಆ ಮುದ್ರೆಯು ಇಡಿಯ ತೋಟೆಗೆ ಸಾಕ್ಷಿ. ಮರುತುಂಬಿದ ತೋಟೆಯಲ್ಲಿ ಅದು ಹಿತ್ತಾಳೆಗೆ ಮಾತ್ರ ಸಾಕ್ಷಿ. ಒಳಗಿನ ಮದ್ದು, ಗುಂಡು, ಕೇಪುಗಳನ್ನು ಕುರಿತು ಅದು ಏನನ್ನೂ ಹೇಳದು. ಓಲೆಯ ಪ್ರತಿಗಳನ್ನು ಶೋಧಿಸುವವರಿಗೆ ಈ ತೊಡಕು ಅಪರಿಚಿತವಲ್ಲ. ಲಿಪಿಕಾರನು ತನ್ನ ಮಾತೃಕೆಯ ಕೊನೆಯಲ್ಲಿದ್ದ ಕಾಲಸೂಚನೆಯನ್ನು ಹಾಗೆಯೇ ನಕಲುಮಾಡಿದ್ದರೆ, ಆ ತೇದಿಯು ಮಾತೃಕೆಯದೇ ಹೊರತು ಕೈಯಲ್ಲಿರುವ ಓಲೆಯದಲ್ಲ. ಮುದ್ರೆಯನ್ನು ಓದುವ ಮುಂಚೆ ಅದು ಯಾವ ಭಾಗಕ್ಕೆ ಸೇರಿದ್ದೆಂದು ಕೇಳಬೇಕಾಗಿದೆ.

೭. ೧೯೨೭–೨೮ರ ನಿರ್ಣಯ

ಭಂಗಗಳು ನಿಲ್ಲದೆ ಹೋದುದರಿಂದ ೧೯೨೭ರಲ್ಲಿ ಶಸ್ತ್ರವಿಭಾಗದ ಮಂಡಲಿಯೊಂದು ವಿಷಯವನ್ನು ಮತ್ತೆ ವಿಚಾರಮಾಡಿ, ಹಳೆಯ ಸಂಖ್ಯೆಯ ಬಂದೂಕುಗಳನ್ನು ಸೇನೆಯಿಂದ ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಸೂಚಿಸಿತು. ೧೯೨೮ರ ಫೆಬ್ರವರಿಯಲ್ಲಿ ಜನರಲ್ ಸ್ಯಾಮ್ಯುಯಲ್ ಹಾಫನು ಈ ಸೂಚನೆಯನ್ನು ಪೂರ್ಣವಾಗಿ ಒಪ್ಪಲಿಲ್ಲ. ಈ ಬಂದೂಕುಗಳಲ್ಲಿ ಅನೇಕವು ವರ್ಷಗಟ್ಟಲೆ ಬಳಕೆಯಲ್ಲಿದ್ದು ಹಲವು ನಳಿಗೆಗಳನ್ನು ಸವೆಸಿವೆ. ತೋಟೆಗಳು ಹಳೆಯವಾಗುತ್ತ ಬಂದಂತೆ ಅಪಘಾತಗಳು ಹೆಚ್ಚಬಹುದಾದರೂ ಕೈಯಲ್ಲಿರುವುವನ್ನು ಕಿತ್ತುಕೊಳ್ಳುವಷ್ಟು ಕಾರಣವಿಲ್ಲ. ದುರಸ್ತಿಗಾಗಿ ಬಂದುವುಗಳ ರಿಸೀವರನ್ನು ಆಗ ತೆಗೆದುಹಾಕಿದರೆ ಸಾಕು ಎಂಬುದು ಅವನ ತೀರ್ಮಾನದ ಸಾರಾಂಶ.

ಈ ತೀರ್ಮಾನದ ಹಿಂದೆ ಲೆಕ್ಕಾಚಾರವಿದ್ದಿತು. ಒಡೆದ ೬೮ನ್ನೂ ಹಳೆಯ ಸಂಖ್ಯೆಯವೆಂದೇ ಎಣಿಸಿದರೂ ಸುಮಾರು ೧೬,೦೦೦ ಬಂದೂಕುಗಳಿಗೆ ಒಂದರಂತೆ ಆಗುತ್ತದೆ. ಹತ್ತು ಲಕ್ಷ ಬಂದೂಕುಗಳ ಬೆಲೆಯ ಮುಂದೆ ಇದು ಅಲ್ಪವೆಂದು ತೋರಿರಬೇಕು. ಆದರೆ ಆ ಒಂದು ಯಾವುದೆಂದು ಮುಂಚಿತವಾಗಿ ತಿಳಿಯುವ ಉಪಾಯವು ಇರಲಿಲ್ಲ. ಬಂದೂಕನ್ನು ಕೆನ್ನೆಗೊತ್ತಿ ಹಿಡಿದ ಸಿಪಾಯಿಗೆ ಸರಾಸರಿಯು ಸಮಾಧಾನವನ್ನು ಕೊಡಲಾರದು. ಸ್ಪ್ರಿಂಗ್‌ಫೀಲ್ಡಿನಲ್ಲಿ ಬಿಸಿಲಿನ ದಿನ ಬಡಿದುದೊ, ಮೋಡದ ದಿನ ಬಡಿದುದೊ ಎಂಬುದು ಯಾವ ಬಂದೂಕಿನ ಮೇಲೂ ಬರೆದಿರಲಿಲ್ಲ. ಮುಂದೆ ೧೯೩೬ರ ಹೊತ್ತಿಗೆ ರಿಸೀವರಿನ ಎಡಗಡೆ ಒಂದು ರಂಧ್ರವನ್ನು ಕೊರೆದು, ಹಿತ್ತಾಳೆ ಹರಿದರೂ ಅನಿಲವು ಹೊರಹೋಗುವಂತೆ ಮಾಡುವ ಏರ್ಪಾಡು ಬಂದಿತು. ಅದಕ್ಕೆ ಹ್ಯಾಚರನ ಹೆಸರೇ ನಿಂತಿದೆ. ಅಮೆರಿಕದಲ್ಲಿ ಸೇನೆಯ ಹಳೆಯ ಬಂದೂಕುಗಳನ್ನು ಪ್ರಜೆಗಳಿಗೆ ಮಾರುವ ಸಂಸ್ಥೆಯು, ಮೇಲೆ ಹೇಳಿದ ಎರಡು ಸಂಖ್ಯೆಗಳಿಗಿಂತ ಕೆಳಗಿನ ಬಂದೂಕುಗಳನ್ನು ಹಾರಿಸಬಾರದೆಂದು ಇಂದಿಗೂ ಸೂಚಿಸುತ್ತದೆ.

೮. ಉಪಸಂಹಾರ

ಮೇಲಿನ ವಿಚಾರದಿಂದ ಮೂರು ಸಂಗತಿಗಳು ಸ್ಥಿರಪಡುತ್ತವೆ. ಮೊದಲನೆಯದಾಗಿ, ೧೯೧೭ರ ತೋಟೆಗಳು ದೋಷಯುಕ್ತವಾಗಿದ್ದುದು ನಿಜ. ಆದರೆ ಒಳ್ಳೆಯ ಉಕ್ಕಿನ ಬಂದೂಕಿನಲ್ಲಿ ಆ ದೋಷವು ಹರಿದ ಹಿತ್ತಾಳೆ, ಮುಖಕ್ಕೆ ಬಡಿದ ಬಿಸಿಯುಸಿರುಗಳಲ್ಲಿ ಮುಗಿಯಬಹುದಾಗಿದ್ದಿತು. ಅದನ್ನು ಭಂಗವಾಗಿ ಪರಿಣಮಿಸಿದುದು ಉಕ್ಕು. ಎರಡನೆಯದಾಗಿ, ಬಂದೂಕಿನ ದೋಷವು ಸಿದ್ಧವಾದುದರಿಂದ ತೋಟೆಯು ನಿರ್ದೋಷಿಯಾಗುವುದಿಲ್ಲ. ನಿಮಿತ್ತವಿಲ್ಲದೆ ಆ ಬಂದೂಕುಗಳಲ್ಲಿ ಬಹುಭಾಗವು ಒಡೆಯದೆಯೇ ತಮ್ಮ ಕಾಲವನ್ನು ಮುಗಿಸಿದುವು. ಮೂರನೆಯದಾಗಿ, ಮರುತುಂಬಿದ ತೋಟೆಯಿದ್ದಿತೆಂಬ ಒಂದೇ ಕಾರಣದಿಂದ ವಿಚಾರಣೆಯನ್ನು ಮುಗಿಸುವವನು, ೧೯೧೭ರಲ್ಲಿ ಹಿತ್ತಾಳೆಯನ್ನು ಕಂಡೊಡನೆಯೇ ತೃಪ್ತನಾಗಿ ಕುಲುಮೆಯ ಬಾಗಿಲನ್ನು ತಟ್ಟದೆ ಹಿಂದಿರುಗಿದ್ದರೆ ಏನಾಗುತ್ತಿತ್ತೋ ಅದನ್ನೇ ಮಾಡಿದಂತಾಗುವುದು.

ಮುಂದೆ ಕಂಡುದು ಮೂಲವಾಗಿರಬೇಕೆಂಬ ನಿಯಮವಿಲ್ಲ. ಈ ವಿಚಾರಣೆಯನ್ನು ನಡೆಸಿದವರು ಒಂದು ಕಾರಣವು ದೊರೆತ ಮೇಲೆಯೂ ಹುಡುಕುವುದನ್ನು ಬಿಡಲಿಲ್ಲ. ಹತ್ತು ಲಕ್ಷ ಬಂದೂಕುಗಳ ದೋಷವು ಬೆಳಕಿಗೆ ಬಂದುದು ಅದರಿಂದ. ಮುಂದಿನ ಬಂದೂಕುಗಳು ಗಟ್ಟಿಯಾದುದೂ ಅದರಿಂದಲೇ.